ಕಾರಿನ ರೂಫ್ ಕ್ಯಾರಿಯರ್: ಗಾಳಿ ಸದ್ದು ಮತ್ತು ಗಾಳಿ ತಡೆ ಕಡಿಮೆ ಮಾಡುವುದು ಹೇಗೆ?

ಕ್ರಾಸ್ ಬಾರ್ (ರೂಫ್ ಮೇಲೆ ಅಡ್ಡಕ್ಕೆ ಕೂರಿಸುವ ಪೈಪ್ ಅಥವಾ ಪಟ್ಟಿ) ಅಥವಾ ಕ್ಯಾರಿಯರ್ ಹಾಕಿಸಿದ ಕಾರಿಗೆ ಎರಡು ತೊಂದರೆ ಒಟ್ಟಿಗೆ ಬರುತ್ತವೆ. ಒಂದು ಸದ್ದು. ವೇಗ 80 ದಾಟುತ್ತಿದ್ದಂತೆ ತಲೆಯ ಮೇಲೆ ಗುಂಯ್ ಎನ್ನುವುದು ಶುರುವಾಗುತ್ತದೆ. ಇನ್ನೊಂದು ಗಾಳಿಯ ತಡೆ. ಅದು ಕಿವಿಗೆ ಬೀಳುವುದಿಲ್ಲ, ಪೆಟ್ರೋಲ್ ಬಂಕ್‌ನಲ್ಲಿ ಗೊತ್ತಾಗುತ್ತದೆ. ಎರಡಕ್ಕೂ ಕಾರಣ ಅದೇ ಗಾಳಿ, ಆದರೆ ಮದ್ದು ಬೇರೆ ಬೇರೆ. ಬಾರ್‌ಗೆ ಹಗ್ಗ ಸುತ್ತಿ ಸದ್ದು ನಿಲ್ಲಿಸಬಹುದು, ತಡೆ ಹಾಗೇ ಉಳಿದಿರುತ್ತದೆ. ಸದ್ದು ನಿಂತಿತಲ್ಲ, ಎಲ್ಲ ಸರಿಹೋಯಿತು ಎಂದು ಖಾಲಿ ಬಾರ್ ಹೊತ್ತುಕೊಂಡೇ ವರ್ಷವಿಡೀ ಓಡಾಡುವವರು ತುಂಬಾ ಜನ. ಹಾಗಾಗಿ ಇಲ್ಲಿ ಪ್ರತಿ ಹಂತದಲ್ಲೂ ಇದು ಸದ್ದಿಗೆ, ಇದು ತಡೆಗೆ ಎಂದು ಬಿಡಿಸಿ ಹೇಳುತ್ತೇನೆ.

ಮೊದಲು, ಗಾಳಿ ಏನು ಮಾಡುತ್ತದೆ?

ಬಾರ್‌ಗೆ ಬಡಿದ ಗಾಳಿ ಮೇಲೆ ಕೆಳಗೆ ಎರಡಾಗಿ ಒಡೆಯುತ್ತದೆ. ಬಾರ್‌ನ ಹಿಂದೆ ಅದು ನೀಟಾಗಿ ಸೇರಿಕೊಳ್ಳುವುದಿಲ್ಲ. ಒಂದು ಸಲ ಮೇಲಿನಿಂದ, ಒಂದು ಸಲ ಕೆಳಗಿನಿಂದ ಸುಳಿಗಳು ಬಿಟ್ಟುಕೊಳ್ಳುತ್ತವೆ. ಸೆಕೆಂಡಿಗೆ ಎಷ್ಟು ಸುಳಿ ಬಿಡುತ್ತವೋ ಅದೇ ನಿಮಗೆ ಕೇಳಿಸುವ ಗುಂಯ್‌ನ ಸ್ವರ. ಗಾಳಿಯಲ್ಲಿ ತಂತಿ ಹಾಡುವುದನ್ನು 1878ರಲ್ಲೇ ಸ್ಟ್ರೌಹಾಲ್ ಎಂಬ ಚೆಕ್ ವಿಜ್ಞಾನಿ ಅಳೆದಿಟ್ಟ. ಅವನ ಲೆಕ್ಕ ನಮ್ಮ ಕ್ಯಾರಿಯರ್‌ಗೂ ಸರಿಯಾಗಿ ಹೊಂದುತ್ತದೆ: ದುಂಡು ಬಾರ್ ಆದರೆ, ಸೆಕೆಂಡಿಗೆ ಎಷ್ಟು ಮೀಟರ್ ವೇಗವೋ ಅದನ್ನು 0.2ರಿಂದ ಗುಣಿಸಿ, ಬಾರ್‌ನ ದಪ್ಪದಿಂದ (ಮೀಟರ್‌ನಲ್ಲಿ) ಭಾಗಿಸಿ. ಗಂಟೆಗೆ 90 ಕಿ.ಮೀ. ಅಂದರೆ ಸೆಕೆಂಡಿಗೆ 25 ಮೀಟರ್. 30 ಮಿ.ಮೀ. ದಪ್ಪದ ಬಾರ್ ಆದರೆ ಸುಮಾರು 167 ಹರ್ಟ್ಸ್. ಗಂಡಸಿನ ಮಾತಿನ ಸ್ವರದ ಆಸುಪಾಸು. ಈ ಲೆಕ್ಕ ಸುಮ್ನೆ ಹೇಳಿದ್ದಲ್ಲ, ಮುಂದೆ ಸದ್ದಿನ ಮೂಲ ಹುಡುಕಲು ಬೇಕಾಗುತ್ತದೆ.

ಇನ್ನು ತಡೆ. ಇದು ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 80ರಿಂದ 100ಕ್ಕೆ ಹೋದರೆ ವೇಗ ಹೆಚ್ಚಿದ್ದು ಕಾಲು ಭಾಗ, ಗಾಳಿಯ ತಡೆ ಹೆಚ್ಚಿದ್ದು ಅರ್ಧಕ್ಕೂ ಜಾಸ್ತಿ. ಬಾರ್‌ನ ಆಕಾರವೂ ದೊಡ್ಡ ವಿಷಯ. ಮೂರೂವರೆ ಅಡಿ ಉದ್ದ, 30 ಮಿ.ಮೀ. ಎತ್ತರದ ಚೌಕದ ಪೈಪ್ ಒಂದನ್ನು 90ರ ವೇಗದಲ್ಲಿ ಗಾಳಿ ಸುಮಾರು ಎರಡೂವರೆ ಕೆ.ಜಿ. ಭಾರದಷ್ಟು ಬಲದಿಂದ ಹಿಂದಕ್ಕೆ ತಳ್ಳುತ್ತದೆ. ಅದೇ ಅಳತೆಯ ದುಂಡು ಪೈಪ್ ಆದರೆ ಸುಮಾರು ಒಂದೂವರೆ ಕೆ.ಜಿ. ವಿಮಾನದ ರೆಕ್ಕೆಯ ಆಕಾರದ ಏರೋ ಬಾರ್ ಆದರೆ ಕಾಲು ಕೆ.ಜಿ.ಗಿಂತ ಕಡಿಮೆಗೆ ಇಳಿಯಬಹುದು. ಇಡೀ ಕಾರಿನ ಮೇಲೆ ಆ ವೇಗದಲ್ಲಿ ಬೀಳುವ ಗಾಳಿಯ ಬಲ ಸುಮಾರು 25ರಿಂದ 30 ಕೆ.ಜಿ. ಅಷ್ಟೇ. ಎರಡು ಚೌಕದ ಪೈಪ್‌ಗಳು ಅದಕ್ಕೆ ಎಷ್ಟು ಸೇರಿಸುತ್ತವೆ ಎಂದು ನೀವೇ ಅಂದಾಜು ಮಾಡಿ.

ಹಂತ 1: ಬೇಡದಿದ್ದಾಗ ಬಿಚ್ಚಿಡಿ

ಇದಕ್ಕಿಂತ ದೊಡ್ಡ ಮದ್ದು ಇಲ್ಲ. ಸದ್ದೂ ಹೋಗುತ್ತದೆ, ತಡೆಯೂ ಹೋಗುತ್ತದೆ, ಖರ್ಚೂ ಇಲ್ಲ. ಅಮೆರಿಕದಲ್ಲಿ ಯೂಚೆ ಚೆನ್ ಮತ್ತು ಅಲನ್ ಮೈಯರ್ ಎಂಬ ಸಂಶೋಧಕರು 2016ರಲ್ಲಿ ಲೆಕ್ಕ ಹಾಕಿದಾಗ, ಆ ದೇಶದ ಕಾರುಗಳು ಸುಡುವ ಇಂಧನದಲ್ಲಿ ಸಾವಿರಕ್ಕೆ ಒಂದು ಪಾಲಿನ ಹತ್ತಿರದಷ್ಟು ರೂಫ್ ಕ್ಯಾರಿಯರ್‌ಗಳಿಂದಲೇ ಹೋಗುತ್ತಿತ್ತು. ಇಡೀ ದೇಶದ ಲೆಕ್ಕದಲ್ಲಿ ಇದು ಸಣ್ಣ ಸಂಖ್ಯೆಯಲ್ಲ.

ಬಿಚ್ಚಿಡಲು ಜನ ಹಿಂಜರಿಯುವುದು ಕೆಲಸ ಜಾಸ್ತಿ ಎಂದು. ಅದನ್ನು ಸುಲಭ ಮಾಡಿಕೊಳ್ಳಬಹುದು. ಬಾರ್‌ನ ಕಾಲು (ತುದಿಯಲ್ಲಿರುವ ಹಿಡಿಕೆ) ಕೂರುವ ಜಾಗಕ್ಕೆ ರೂಫ್ ರೈಲ್ (ರೂಫ್‌ನ ಎರಡೂ ಬದಿ ಉದ್ದಕ್ಕೆ ಇರುವ ಪಟ್ಟಿ) ಮೇಲೆ ಬಣ್ಣದ ಟೇಪ್‌ನ ಸಣ್ಣ ಗುರುತು ಅಂಟಿಸಿ. ಬಾರ್‌ಗೂ 'ಮುಂದೆ', 'ಹಿಂದೆ' ಎಂದು ಒಳಭಾಗದಲ್ಲಿ ಬರೆದಿಡಿ. ಅಲೆನ್ ಕೀ ಡ್ಯಾಶ್‌ಬೋರ್ಡ್ ಡಬ್ಬಿಯಲ್ಲೇ ಇರಲಿ. ಇಷ್ಟಿದ್ದರೆ ಬಿಚ್ಚುವುದು, ಹಾಕುವುದು ಕಾಫಿ ಕಾಯುವಷ್ಟರಲ್ಲಿ ಮುಗಿಯುತ್ತದೆ. ವೆಲ್ಡ್ ಮಾಡಿಸಿದ ಕಬ್ಬಿಣದ ಕ್ಯಾರಿಯರ್ ಬೇಡ ಎಂದು ನಾನು ಹೇಳುವುದಕ್ಕೆ ಮುಖ್ಯ ಕಾರಣ ಇದೇ. ಅದನ್ನು ಒಬ್ಬರೇ ಇಳಿಸಲು ಆಗದು, ಆಮೇಲೆ ಯಾರೂ ಇಳಿಸುವುದಿಲ್ಲ.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ನಮ್ಮಲ್ಲಿ ಬರುವ ಅನೇಕ ಹ್ಯಾಚ್‌ಬ್ಯಾಕ್ ಮತ್ತು ಸಣ್ಣ ಎಸ್‌ಯುವಿಗಳ ರೂಫ್ ರೈಲ್ ಬರೀ ಚೆಂದಕ್ಕೆ ಅಂಟಿಸಿದ್ದು. ಭಾರ ಹೊರಲು ಮಾಡಿದ್ದಲ್ಲ. ಕಾರಿನ ಕೈಪಿಡಿಯಲ್ಲಿ ರೂಫ್ ಲೋಡ್ ಎಷ್ಟು ಎಂದು ಬರೆದಿದೆಯೇ ನೋಡಿ. ಬರೆದಿಲ್ಲದಿದ್ದರೆ ಅಥವಾ ಬೇಡ ಎಂದಿದ್ದರೆ ಆ ರೈಲ್‌ಗೆ ಬಾರ್ ಕಟ್ಟಲೇಬೇಡಿ. ಬರೆದಿರುವ ಭಾರದಲ್ಲಿ ಬಾರ್‌ನ ತೂಕವೂ ಸೇರಿರುತ್ತದೆ ಎಂದೇ ಲೆಕ್ಕ ಹಾಕಿ.

ಹಂತ 2: ಸದ್ದು ಎಲ್ಲಿಂದ ಬರುತ್ತಿದೆ?

ಮದ್ದು ಹಾಕುವ ಮೊದಲು ಮೂಲ ಹಿಡಿಯಬೇಕು. ಬಾರ್ ಬಿಚ್ಚಿ, ಒಂದೇ ರಸ್ತೆಯಲ್ಲಿ ಒಂದೇ ವೇಗದಲ್ಲಿ ಒಮ್ಮೆ ಓಡಿಸಿ. ಸದ್ದು ಹಾಗೇ ಇದ್ದರೆ ಕ್ಯಾರಿಯರ್‌ನ ತಪ್ಪಿಲ್ಲ. ಬಾಗಿಲ ರಬ್ಬರ್ ಬೀಡಿಂಗ್, ಕಿಟಕಿಯ ರೇನ್ ವೈಸರ್, ಸೈಡ್ ಮಿರರ್ ಇವುಗಳಲ್ಲಿ ಯಾವುದೋ ಒಂದು.

ಬಾರ್ ಹಾಕಿದಾಗ ಮಾತ್ರ ಸದ್ದು ಬರುತ್ತದಾ? ಹಾಗಾದರೆ ವೇಗವನ್ನು ನಿಧಾನವಾಗಿ ಏರಿಸುತ್ತಾ ಕೇಳಿ. ವೇಗದ ಜೊತೆಗೆ ಸ್ವರವೂ ಏರುತ್ತಾ ಹೋದರೆ ಅದು ಬಾರ್‌ನ ಹಿಂದಿನ ಸುಳಿಗಳ ಸದ್ದು. ಒಂದು ವೇಗದಲ್ಲಿ ಥಟ್ಟನೆ ಶುರುವಾಗಿ, ಸ್ವರ ಬದಲಾಗದೆ ನಿಂತು, ಆಮೇಲೆ ಮಾಯವಾದರೆ ಅದು ಟೊಳ್ಳಿನ ಸದ್ದು. ಖಾಲಿ ಬಾಟಲಿ ಬಾಯಿಗೆ ಊದಿದ ಹಾಗೆ, ತೆರೆದ ಪೈಪ್ ತುದಿಯೋ ಸಂದೋ ಶಿಳ್ಳೆ ಹಾಕುತ್ತಿರುತ್ತದೆ. ಫರ್‌ಫರ್ ಎಂದರೆ ಬೆಲ್ಟ್ ಅಥವಾ ಟಾರ್ಪಾಲ್. ಕಟಕಟ ಎಂದರೆ ಸಡಿಲವಾದ ಬೋಲ್ಟ್, ಅದನ್ನು ಸದ್ದಿನ ಪ್ರಶ್ನೆ ಎಂದುಕೊಳ್ಳದೆ ತಕ್ಷಣ ಗಾಡಿ ನಿಲ್ಲಿಸಿ ಬಿಗಿ ಮಾಡಿ.

ಫೋನ್‌ನಲ್ಲಿ ಧ್ವನಿಯ ಹರ್ಟ್ಸ್ ತೋರಿಸುವ ಆ್ಯಪ್‌ಗಳು ಉಚಿತವಾಗಿಯೇ ಸಿಗುತ್ತವೆ. ಪಕ್ಕದಲ್ಲಿ ಕುಳಿತವರು ಅದನ್ನು ಹಿಡಿದಿರಲಿ, ಓಡಿಸುವವರು ಬೇಡ. 90ರ ವೇಗದಲ್ಲಿ 200 ಹರ್ಟ್ಸ್ ಬಂತು ಅಂದುಕೊಳ್ಳಿ. 0.2ನ್ನು 25ರಿಂದ ಗುಣಿಸಿ 200ರಿಂದ ಭಾಗಿಸಿದರೆ 0.025 ಮೀಟರ್, ಎಂದರೆ 25 ಮಿ.ಮೀ. ಅಂದರೆ ಆ ದಪ್ಪದ ಪೈಪ್ ಯಾವುದಿದೆಯೋ ಅದೇ ಹಾಡುತ್ತಿದೆ. ಬುಟ್ಟಿಯಂಥ ಕ್ಯಾರಿಯರ್‌ನಲ್ಲಿ ಬೇರೆ ಬೇರೆ ದಪ್ಪದ ಹತ್ತಾರು ಪೈಪ್‌ಗಳಿರುವಾಗ ಈ ಲೆಕ್ಕ ತುಂಬಾ ಕೆಲಸಕ್ಕೆ ಬರುತ್ತದೆ. ಚೌಕದ ಪೈಪ್ ಆದರೆ 0.2ರ ಬದಲು 0.13 ಹಿಡಿಯಿರಿ.

ಲೆಕ್ಕ ಬೇಡ ಎನ್ನುವವರಿಗೆ ಪೇಂಟರ್‌ಗಳು ಬಳಸುವ ಮಾಸ್ಕಿಂಗ್ ಟೇಪ್ ಸಾಕು. ಒಂದೊಂದೇ ಸಂದು, ತೂತು, ತುದಿಯನ್ನು ಮುಚ್ಚುತ್ತಾ ಓಡಿಸಿ ನೋಡಿ. ಒಂದೇ ಸಲ ಎಲ್ಲಕ್ಕೂ ಅಂಟಿಸಿದರೆ ಯಾವುದರಿಂದ ನಿಂತಿತು ಎಂದು ತಿಳಿಯುವುದಿಲ್ಲ.

ಹಂತ 3: ಸಂದು ಮುಚ್ಚಿ

ಇದು ಬೇಗ ಮುಗಿಯುವ ಕೆಲಸ. ಅಲ್ಯೂಮಿನಿಯಂ ಬಾರ್‌ಗಳ ಮೇಲ್ಭಾಗದಲ್ಲಿ ಉದ್ದಕ್ಕೂ ಒಂದು ಸಂದು ಇರುತ್ತದೆ, ಸೈಕಲ್ ಸ್ಟ್ಯಾಂಡ್ ಕೂರಿಸಲು. ಅದಕ್ಕೆ ರಬ್ಬರ್ ಪಟ್ಟಿ ಬಾರ್ ಜೊತೆಗೇ ಬಂದಿರುತ್ತದೆ. ಸ್ಟ್ಯಾಂಡ್ ಕೂರಿಸಿದವರು ಆ ಪಟ್ಟಿಯನ್ನು ತೆಗೆದು ಎಲ್ಲೋ ಎಸೆದಿರುತ್ತಾರೆ. ಪಟ್ಟಿಯನ್ನು ಕತ್ತರಿಸಿ ಸ್ಟ್ಯಾಂಡ್‌ನ ಎಡಕ್ಕೆ, ಬಲಕ್ಕೆ, ನಡುವೆ ಎಲ್ಲ ಕಡೆ ತುಂಬಿಸಿ. ಕಳೆದುಹೋಗಿದ್ದರೆ ಬೀಡಿಂಗ್ ಅಂಗಡಿಯಲ್ಲಿ ಅದೇ ಅಗಲದ್ದು ಹುಡುಕಿ. ತುದಿಯ ಪ್ಲಾಸ್ಟಿಕ್ ಮುಚ್ಚಳ ಬಿದ್ದುಹೋಗಿದ್ದರೆ ಹೊಸದು ಹಾಕಿ. ಬಾರ್‌ನ ಕಾಲಿನ ಮೇಲಿರುವ ಕೀ ಮುಚ್ಚಳವೂ ಸರಿಯಾಗಿ ಕೂತಿರಲಿ. ವರ್ಷಗಟ್ಟಲೆ ಬಿಸಿಲು ತಿಂದ ರಬ್ಬರ್ ಗಟ್ಟಿಯಾಗಿ ಕುಗ್ಗುತ್ತದೆ. ಹೊಸದರಲ್ಲಿ ಇಲ್ಲದ ಶಿಳ್ಳೆ ಆಮೇಲೆ ಬರಲು ಸಾಮಾನ್ಯವಾಗಿ ಇದೇ ಕಾರಣ.

ಹಂತ 4: ಬಾರ್‌ನ ದಿಕ್ಕು, ಜಾಗ, ಉದ್ದ

ಏರೋ ಬಾರ್‌ಗೆ ಮುಂದು ಹಿಂದು ಇದೆ. ದಪ್ಪನೆಯ ದುಂಡು ಅಂಚು ಮುಂದಕ್ಕೆ, ತೆಳ್ಳನೆಯ ಅಂಚು ಹಿಂದಕ್ಕೆ. ನೋಡಲು ತೆಳ್ಳನೆಯ ಅಂಚೇ ಗಾಳಿ ಸೀಳುತ್ತದೆ ಅನ್ನಿಸುತ್ತದೆ ಅಲ್ವಾ? ಹಾಗಲ್ಲ. ಗಾಳಿ ಒಡೆಯುವಾಗ ಅಷ್ಟು ತೊಂದರೆ ಇಲ್ಲ, ಹಿಂದೆ ಸೇರುವಾಗಲೇ ಸುಳಿ ಏಳುವುದು. ಹಿಂಭಾಗ ನಿಧಾನವಾಗಿ ಸಣ್ಣಗಾದರೆ ಗಾಳಿ ಮೆಲ್ಲಗೆ ಸೇರಿಕೊಳ್ಳುತ್ತದೆ. ತಿರುಗಿಸಿ ಹಾಕಿದ ಏರೋ ಬಾರ್‌ಗೆ ಕೊಟ್ಟ ದುಡ್ಡು ದಂಡ.

ಮುಂದಿನ ಬಾರ್ ಎಲ್ಲಿ ಕೂತಿದೆ ಎನ್ನುವುದೂ ಮುಖ್ಯ. ಮುಂದಿನ ಗಾಜು ಮುಗಿದು ರೂಫ್ ಶುರುವಾಗುವ ಬಾಗಿನಲ್ಲಿ ಗಾಳಿ ಕಾರಿನ ವೇಗಕ್ಕಿಂತ ಜೋರಾಗಿ ಹರಿಯುತ್ತದೆ. ಬಾರ್ ಅಲ್ಲಿದ್ದರೆ ಸದ್ದೂ ಜಾಸ್ತಿ, ತಡೆಯೂ ಜಾಸ್ತಿ, ಜೊತೆಗೆ ನಿಮ್ಮ ತಲೆಯ ನೇರಕ್ಕೇ ಇರುತ್ತದೆ. ಕೈಪಿಡಿ ಹೇಳುವ ಮಿತಿಯೊಳಗೆ ಅದನ್ನು ನಾಲ್ಕು ಬೆರಳಿನಷ್ಟು, ಸಾಧ್ಯವಾದರೆ ಇನ್ನೂ ಹಿಂದಕ್ಕೆ ಸರಿಸಿ. ಎರಡೂ ಬಾರ್ ನಡುವಿನ ಅಂತರವನ್ನು ತಯಾರಕರು ಹೇಳಿದ್ದಕ್ಕಿಂತ ಕಡಿಮೆ ಮಾಡಬೇಡಿ, ಉದ್ದ ಸಾಮಾನು ಅಲ್ಲಾಡುತ್ತದೆ. ಬಾರನ್ನು ತೆಗೆದಿಡದೆ ಮಾಡಬಹುದಾದ ಕೆಲಸಗಳಲ್ಲಿ ನನಗೆ ಮುಂದಿನ ಬಾರ್ ಹಿಂದಕ್ಕೆ ಸರಿಸುವುದೇ ಮೊದಲನೆಯದು.

ಕಾಲಿನಿಂದ ಆಚೆಗೆ ಎರಡೂ ಬದಿ ಚಾಚಿಕೊಂಡ ಬಾರ್ ಕಿಟಕಿಯ ಮೇಲಿನ ಜೋರು ಗಾಳಿಗೆ ಸಿಕ್ಕಿ ಹೆಚ್ಚು ಸದ್ದು ಮಾಡುತ್ತದೆ. ಹೊಸದಾಗಿ ಕೊಳ್ಳುವುದಾದರೆ ಕಾಲಿನ ಒಳಗೇ ಮುಗಿಯುವ ಬಾರ್ ತೆಗೆದುಕೊಳ್ಳಿ.

ಸನ್‌ರೂಫ್ ಇರುವವರಿಗೆ ಇನ್ನೊಂದು ಮಾತು. ಬಾರ್ ಇದ್ದಾಗ ಸನ್‌ರೂಫ್ ತೆರೆದರೆ ಕಿವಿಗೆ ಧಬ್ ಧಬ್ ಎಂದು ಒತ್ತಿದಂತೆ ಆಗಬಹುದು. ಅದು ಕಾರಿನೊಳಗಿನ ಗಾಳಿಯೇ ಕಂಪಿಸುವುದು. ಹಿಂದಿನ ಕಿಟಕಿಯನ್ನು ಒಂದು ಬೆರಳಿನಷ್ಟು ಇಳಿಸಿದರೆ ನಿಲ್ಲುತ್ತದೆ. ತೆರೆಯುವ ಗಾಜು ಬಾರ್‌ಗೆ ತಾಗುತ್ತದೆಯೇ ಎಂದು ನಿಂತಲ್ಲೇ ಮೊದಲು ನೋಡಿಕೊಳ್ಳಿ.

ಹಂತ 5: ಹಗ್ಗ ಸುತ್ತುವುದು (ಸದ್ದಿಗೆ ಮಾತ್ರ)

ಕಾರಿನ ರೂಫ್ ಮೇಲಿರುವ ಕಡ್ಡಿ ಆಂಟೆನಾ ಗಮನಿಸಿದ್ದೀರಾ? ಅನೇಕ ಕಾರುಗಳಲ್ಲಿ ಅದಕ್ಕೆ ಸುರುಳಿಯಾಗಿ ಒಂದು ಎಳೆ ಸುತ್ತಿರುತ್ತದೆ. ಎತ್ತರದ ಕಾರ್ಖಾನೆ ಚಿಮಣಿಗಳ ತುದಿಯಲ್ಲೂ ಅಂಥದ್ದೇ ಲೋಹದ ಪಟ್ಟಿ ಕಾಣುತ್ತದೆ. ಇಂಗ್ಲೆಂಡಿನ ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿಯಲ್ಲಿ ಸ್ಕ್ರೂಟನ್ ಮತ್ತು ವಾಲ್ಷ್ 1957ರಲ್ಲಿ ಕಂಡುಕೊಂಡ ಉಪಾಯ ಇದು. ಸುರುಳಿ ಇದ್ದರೆ ಬಾರ್‌ನ ಉದ್ದಕ್ಕೂ ಸುಳಿಗಳು ಒಟ್ಟಿಗೇ ಬಿಡಲಾರವು. ಒಂದೊಂದು ಜಾಗದಲ್ಲಿ ಒಂದೊಂದು ಹೊತ್ತಿಗೆ ಬಿಡುತ್ತವೆ. ಎಲ್ಲ ಸೇರಿ ಒಂದೇ ಸ್ವರ ಹೊರಡುವುದು ತಪ್ಪುತ್ತದೆ.

ಮಾಡುವುದು ಸುಲಭ. ನಾಲ್ಕರಿಂದ ಆರು ಮಿ.ಮೀ. ದಪ್ಪದ ನೈಲಾನ್ ಹಗ್ಗ ತನ್ನಿ. ಒಂದು ಬಾರ್‌ಗೆ ಎರಡು ಮೀಟರ್ ಸಾಕು. ಒಂದು ತುದಿಯಲ್ಲಿ ಗಂಟು ಹಾಕಿ, ಅರ್ಧ ಗೇಣಿಗೆ ಒಂದು ಸುತ್ತು ಬರುವಂತೆ ಎಳೆದು ಸುತ್ತುತ್ತಾ ಹೋಗಿ. ಸುತ್ತುಗಳ ಅಂತರ ಸ್ವಲ್ಪ ಹೆಚ್ಚು ಕಡಿಮೆಯಾದರೂ ತೊಂದರೆ ಇಲ್ಲ, ಒಳ್ಳೆಯದೇ. ಇನ್ನೊಂದು ತುದಿಯನ್ನು ಬಾರ್‌ನ ಅಡಿಗೆ ಕೇಬಲ್ ಟೈನಿಂದ ಬಿಗಿದು, ಉಳಿದ ಹಗ್ಗವನ್ನು ಕತ್ತರಿಸಿ ತುದಿಯನ್ನು ಬೆಂಕಿಗೆ ಹಿಡಿದು ಕರಗಿಸಿ. ನೈಲಾನ್ ಹಗ್ಗ ಮಳೆಯಲ್ಲಿ ನೆನೆದರೆ ಸಡಿಲವಾಗುತ್ತದೆ, ಮತ್ತೆ ಎಳೆದು ಕಟ್ಟಿ.

ದುಂಡು ಬಾರ್‌ಗೆ ಇದು ಚೆನ್ನಾಗಿ ಹಿಡಿಯುತ್ತದೆ. ಚೌಕದ ಬಾರ್‌ಗೆ ಪರಿಣಾಮ ಕಡಿಮೆ, ಏಕೆಂದರೆ ಅಲ್ಲಿ ಗಾಳಿ ಚೂಪು ಮೂಲೆಯಲ್ಲೇ ಕಿತ್ತುಕೊಂಡು ಹೋಗುತ್ತದೆ. ಏರೋ ಬಾರ್‌ಗೆ ಹಗ್ಗ ಬೇಡವೇ ಬೇಡ, ಅದರ ಆಕಾರ ಕೆಡುತ್ತದೆ. ಅದಕ್ಕೆ ಗೀರು ಗೀರು ಇರುವ ರಬ್ಬರ್ ಪಟ್ಟಿ ಇರುತ್ತದೆ, ಅದೇ ಹಗ್ಗದ ಕೆಲಸ ಮಾಡುತ್ತದೆ. ಇನ್ನೊಮ್ಮೆ ಹೇಳುತ್ತೇನೆ: ಹಗ್ಗದಿಂದ ಇಂಧನ ಉಳಿಯುವುದಿಲ್ಲ.

ಹಂತ 6: ಫೇರಿಂಗ್ (ಗಾಳಿ ತಿರುಗಿಸುವ ಹಲಗೆ)

ಬುಟ್ಟಿ ಕ್ಯಾರಿಯರ್ ಇದ್ದವರಿಗೆ, ಮೇಲೆ ಸಾಮಾನು ಹೇರಿಕೊಂಡು ದೂರ ಹೋಗುವವರಿಗೆ ಇದು ಬೇಕು. ಬರೀ ಎರಡು ಏರೋ ಬಾರ್ ಇದ್ದವರಿಗೆ ಬೇಡ. ತಾನೇ ಒಂದು ಅಗಲ ಹಲಗೆಯಾದ್ದರಿಂದ ಖಾಲಿ ಏರೋ ಬಾರ್ ಮುಂದೆ ಇಟ್ಟರೆ ತಡೆ ಕಡಿಮೆಯಾಗುವ ಬದಲು ಹೆಚ್ಚಬಹುದು.

ಸಿದ್ಧವಾದದ್ದು ಸಿಕ್ಕಿದರೆ ಅದೇ ಒಳ್ಳೆಯದು. ಮಾಡಿಸುವುದಾದರೆ ಬೋರ್ಡ್ ಬರೆಯುವ ಅಂಗಡಿಗಳಲ್ಲಿ ಸಿಗುವ ಎಸಿಪಿ ಶೀಟ್ (ಎರಡೂ ಬದಿ ಅಲ್ಯೂಮಿನಿಯಂ ಹೊದಿಸಿದ ಪ್ಲಾಸ್ಟಿಕ್ ಹಲಗೆ) ಅಥವಾ ನಾಲ್ಕು ಮಿ.ಮೀ. ಪಾಲಿಕಾರ್ಬೊನೇಟ್ ಶೀಟ್ ಬಳಸಿ. ಅಕ್ರಿಲಿಕ್ ಬೇಡ, ಕಲ್ಲು ಬಡಿದರೆ ಚೂರಾಗುತ್ತದೆ. ಅಗಲ ಬಾರ್‌ನ ಎರಡು ಕಾಲುಗಳ ನಡುವಿನಷ್ಟು. ಮೇಲಂಚು ಬಾರ್‌ಗಿಂತ ಒಂದೆರಡು ಬೆರಳು ಎತ್ತರ. ಹಲಗೆಯನ್ನು ನೆಟ್ಟಗೆ ನಿಲ್ಲಿಸಬೇಡಿ, ಹಿಂದಕ್ಕೆ ಮಲಗಿಸಿ. ರೂಫ್‌ನಿಂದ 30ರಿಂದ 45 ಡಿಗ್ರಿ ಕೋನ ಸಾಕು. ಕೆಳಗಿನ ಅಂಚಿಗೆ ರಬ್ಬರ್ ಬೀಡಿಂಗ್ ತೊಡಿಸಿ, ಅದು ರೂಫ್‌ನ ಲೋಹದ ಮೇಲೆ ಹಗುರಾಗಿ ಕೂರಲಿ. ಗಾಜಿನ ಮೇಲೆ ಕೂರಬಾರದು. ಅಡಿಯಲ್ಲಿ ದೊಡ್ಡ ಸಂದು ಬಿಟ್ಟರೆ ಗಾಳಿ ಅಲ್ಲಿಂದ ನುಗ್ಗಿ ಮತ್ತೆ ಸದ್ದು ಮಾಡುತ್ತದೆ.

ಬಾರ್‌ಗೆ ಕೂರಿಸಲು ಪೈಪ್‌ನ ಯು ಕ್ಲಾಂಪ್ ಮತ್ತು ನೈಲಾಕ್ ನಟ್ (ಒಳಗೆ ನೈಲಾನ್ ಬಳೆ ಇರುವ ನಟ್) ಬಳಸಿ. ಮಾಮೂಲಿ ನಟ್ ಕಂಪನಕ್ಕೆ ಬಿಚ್ಚಿಕೊಳ್ಳುತ್ತದೆ. ಅದರ ಮೇಲೂ ಹಲಗೆಯಿಂದ ಬಾರ್‌ಗೆ ಒಂದು ತಂತಿ ಹಗ್ಗ ಕಟ್ಟಿರಲಿ. ಹೆದ್ದಾರಿಯಲ್ಲಿ ಈ ಹಲಗೆ ಹಾರಿದರೆ ಹಿಂದೆ ಬರುವ ಬೈಕ್ ಸವಾರನ ಜೀವ ಹೋಗಬಹುದು. ಇದರಲ್ಲಿ ಉಳಿತಾಯ ನೋಡಬೇಡಿ.

ಹಂತ 7: ಸಾಮಾನು ಕಟ್ಟುವ ಕ್ರಮ (ತಡೆಗೆ ಇದೇ ಮುಖ್ಯ)

ಸಾಮಾನು ಹೇರಿದ ಮೇಲೆ ಬಾರ್‌ನ ತಡೆ ಲೆಕ್ಕಕ್ಕೇ ಬರುವುದಿಲ್ಲ. ಅಮೆರಿಕದ ಇಂಧನ ಇಲಾಖೆ ಕೊಡುವ ಅಂಕಿಗಳ ಪ್ರಕಾರ, ಮೊಂಡು ಮೂತಿಯ ದೊಡ್ಡ ರೂಫ್ ಬಾಕ್ಸ್ ಇದ್ದರೆ ಊರೊಳಗೆ ಮೈಲೇಜ್ ಶೇ. 2ರಿಂದ 8ರಷ್ಟು ಇಳಿಯುತ್ತದೆ. ಗಂಟೆಗೆ 105ರಿಂದ 120 ಕಿ.ಮೀ. ವೇಗದಲ್ಲಿ ಶೇ. 10ರಿಂದ 25ರಷ್ಟು. ಅದೇ ಸಾಮಾನನ್ನು ಕಾರಿನ ಹಿಂಬದಿಗೆ ಕಟ್ಟುವ ಪೆಟ್ಟಿಗೆಯಲ್ಲಿಟ್ಟರೆ ಹೆದ್ದಾರಿಯಲ್ಲೂ ಶೇ. 1ರಿಂದ 5 ಮಾತ್ರ. ಹಾಗಾಗಿ ಮೊದಲ ಪ್ರಶ್ನೆ: ಇದು ಕಾರಿನ ಒಳಗೆ ಹಿಡಿಯುವುದಿಲ್ಲವೇ? ಭಾರದ್ದೆಲ್ಲ ಒಳಗೆ ಹೋಗಲಿ, ಹಗುರಾದದ್ದು ಮಾತ್ರ ಮೇಲೆ. ಶಿರಾಡಿ, ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ತಲೆಭಾರದ ಕಾರು ವಾಲುತ್ತದೆ, ಆ ಕಾರಣಕ್ಕೂ ಇದು ಸರಿ.

ಎರಡು ಸೂಟ್‌ಕೇಸ್ ಇದ್ದರೆ ಅಕ್ಕಪಕ್ಕ ಇಡಬೇಡಿ, ಒಂದರ ಹಿಂದೆ ಒಂದು ಇಡಿ. ಮುಂದಿನದರ ಮರೆಯಲ್ಲಿ ಹಿಂದಿನದು ಕೂರುತ್ತದೆ, ಗಾಳಿಗೆ ಎದುರಾಗುವ ಜಾಗ ಅರ್ಧವಾಗುತ್ತದೆ. ಸೂಟ್‌ಕೇಸ್ ನಿಲ್ಲಿಸದೆ ಮಲಗಿಸಿ. ಗಿಡ್ಡನೆಯದು ಮುಂದೆ, ಎತ್ತರದ್ದು ಹಿಂದೆ. ಬಟ್ಟೆಯ ರೂಫ್ ಬ್ಯಾಗ್ ಆದರೆ ಪೂರ್ತಿ ತುಂಬಿಸಿ. ಅರ್ಧ ಖಾಲಿ ಬ್ಯಾಗ್ ಪಟಪಟ ಬಡಿದುಕೊಂಡು ಸದ್ದು ಮಾಡುವುದಲ್ಲದೆ ಹೊಲಿಗೆಯೂ ಬಿಡುತ್ತದೆ. ಟಾರ್ಪಾಲ್ ಮುಂದಿನ ಅಂಚನ್ನು ಸಾಮಾನಿನ ಅಡಿಗೆ ಮಡಚಿ ಸೇರಿಸಿ, ಮೇಲೆ ಬಲೆ ಹಾಕಿ ಎಳೆದು ಕಟ್ಟಿ.

ಚಪ್ಪಟೆ ಬೆಲ್ಟ್ ಗಾಳಿಗೆ ಸಿಕ್ಕರೆ ಭೋರ್ ಎಂದು ಕೂಗುತ್ತದೆ. ಬಿಗಿ ಮಾಡಿದಷ್ಟೂ ಸ್ವರ ಏರುತ್ತದೆ ಹೊರತು ನಿಲ್ಲುವುದಿಲ್ಲ. ಸಾಮಾನಿಗೆ ತಾಗದೆ ಗಾಳಿಯಲ್ಲಿರುವ ಕಡೆ ಬೆಲ್ಟನ್ನು ಎರಡು ಮೂರು ಸಲ ತಿರುಚಿ, ಆಮೇಲೆ ಬಿಗಿಯಿರಿ. ಇದೂ ಹಗ್ಗದ ಸುರುಳಿಯ ಉಪಾಯವೇ. ಉಳಿದ ತುದಿಯನ್ನು ಬಾರ್‌ಗೆ ಸುತ್ತಿ ಗಂಟು ಹಾಕಿ.

ನಂದಿಬೆಟ್ಟದ ಬುಡಕ್ಕೆ ಸೈಕಲ್ ಹೊತ್ತು ಹೋಗುವ ಬೆಂಗಳೂರಿನವರು ಮುಂದಿನ ಚಕ್ರ ಬಿಚ್ಚಿ ಕಾರಿನೊಳಗೆ ಇಟ್ಟುಕೊಂಡು, ಫೋರ್ಕ್ ಹಿಡಿಯುವ ಸ್ಟ್ಯಾಂಡ್ ಬಳಸಿದರೆ ಸೈಕಲ್ ತಗ್ಗುತ್ತದೆ. ಬಾಟಲಿ, ಚೀಲ ಎಲ್ಲ ತೆಗೆದುಬಿಡಿ. ಡಿಕ್ಕಿಯ ಹಿಂದೆ ಕಟ್ಟುವ ಸೈಕಲ್ ಕ್ಯಾರಿಯರ್ ತಡೆಯ ದೃಷ್ಟಿಯಿಂದ ಇನ್ನೂ ಉತ್ತಮ, ಆದರೆ ನಂಬರ್ ಪ್ಲೇಟ್ ಮತ್ತು ಹಿಂದಿನ ದೀಪ ಮುಚ್ಚಬಾರದು.

ಅಡ್ಡಗಾಳಿಯನ್ನೂ ನೆನಪಿಡಿ. ಚಿತ್ರದುರ್ಗದ ಹತ್ತಿರ ಹೆದ್ದಾರಿಯಿಂದಲೇ ಗುಡ್ಡದ ಮೇಲೆ ಗಾಳಿಯಂತ್ರಗಳು ಕಾಣುತ್ತವೆ. ಅವನ್ನು ಅಲ್ಲಿ ನೆಟ್ಟಿರುವುದು ಗಾಳಿ ಜೋರಿರುವುದರಿಂದಲೇ. ಮೇಲೆ ಎತ್ತರದ ಸಾಮಾನು ಇದ್ದರೆ ಅಂಥ ಕಡೆ ಕಾರು ಪಕ್ಕಕ್ಕೆ ಎಳೆದಂತಾಗುತ್ತದೆ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ 100ರ ಮಿತಿ ಇದೆ ಎಂದು ಸಾಮಾನು ಹೊತ್ತಾಗಲೂ 100ರಲ್ಲೇ ಹೋಗಬೇಕಿಲ್ಲ. 80ಕ್ಕೆ ಇಳಿಸಿದರೆ ಗಾಳಿಯ ತಡೆ ಮೂರರಲ್ಲಿ ಒಂದು ಭಾಗಕ್ಕೂ ಹೆಚ್ಚು ಕಡಿಮೆಯಾಗುತ್ತದೆ.

ಹಂತ 8: ಅಳೆದು ನೋಡಿ

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಆಮೇಲೆ ಅಳೆಯಿರಿ. ಸದ್ದಿಗೆ ಫೋನ್‌ನ ಡೆಸಿಬಲ್ ಆ್ಯಪ್ ಸಾಕು. ಅದು ತೋರಿಸುವ ಅಂಕಿ ನಿಖರವಲ್ಲ, ಆದರೆ ಅದೇ ಫೋನ್, ಅದೇ ಜಾಗ, ಅದೇ ರಸ್ತೆ, ಅದೇ ವೇಗ ಇದ್ದರೆ ಹಿಂದಿನದಕ್ಕೂ ಈಗಿನದಕ್ಕೂ ಹೋಲಿಸಬಹುದು. ಫ್ಯಾನ್, ಮ್ಯೂಸಿಕ್ ಬಂದ್ ಮಾಡಿ.

ಮೈಲೇಜ್‌ಗೆ ಟ್ಯಾಂಕ್ ತುಂಬಿಸಿ ಹೊರಟು, ಹೋಗಿ ಬಂದು, ಅದೇ ಬಂಕ್‌ನ ಅದೇ ಪಂಪ್‌ನಲ್ಲಿ ಮತ್ತೆ ತುಂಬಿಸಿ. ಹೋಗುವಾಗ ಬರುವಾಗ ಎರಡೂ ಸೇರಿಸಿದರೆ ಗಾಳಿಯ ದಿಕ್ಕು ಮತ್ತು ಏರಿಳಿತ ಸರಿದೂಗುತ್ತವೆ. ಟೈರ್ ಗಾಳಿ ಎರಡೂ ಸಲ ಒಂದೇ ಇರಲಿ, ಎಸಿಯೂ ಹಾಗೆಯೇ. ಸ್ವಲ್ಪ ದೂರ ಓಡಿಸಿ ತೀರ್ಮಾನಿಸಬೇಡಿ, ನೂರು ಕಿ.ಮೀ.ಗಿಂತ ಹೆಚ್ಚು ಇರಲಿ. ಎಲೆಕ್ಟ್ರಿಕ್ ಕಾರಿನವರಿಗೆ ಈ ಕೆಲಸ ಸುಲಭ. ಕಿ.ಮೀ.ಗೆ ಎಷ್ಟು ವಿದ್ಯುತ್ ಹೋಯಿತು ಎಂದು ಪರದೆಯಲ್ಲೇ ಕಾಣುತ್ತದೆ. ಕ್ಯಾರಿಯರ್ ಇದ್ದಾಗ ರೇಂಜ್ ಎಷ್ಟು ಇಳಿಯುತ್ತದೆ ಎಂದು ಮೊದಲೇ ತಿಳಿದುಕೊಂಡರೆ ಮುಂದಿನ ಚಾರ್ಜಿಂಗ್ ಎಲ್ಲಿ ಎಂದು ಸರಿಯಾಗಿ ಯೋಜಿಸಬಹುದು.

ಹೊಸದಾಗಿ ಹಾಕಿದ ಬಾರ್, ಫೇರಿಂಗ್, ಬೆಲ್ಟ್ ಎಲ್ಲವನ್ನೂ ಮೊದಲ 50 ಕಿ.ಮೀ. ಆದ ಮೇಲೆ ನಿಲ್ಲಿಸಿ ಕೈಯಿಂದ ಅಲ್ಲಾಡಿಸಿ ನೋಡಿ, ಸಡಿಲವಾಗಿದ್ದರೆ ಬಿಗಿ ಮಾಡಿ. ಕರಾವಳಿಯವರು ಮಳೆಗಾಲ ಮುಗಿದ ಕೂಡಲೇ ಬೋಲ್ಟ್‌ಗಳನ್ನು ಬಿಚ್ಚಿ, ತುಕ್ಕು ಉಜ್ಜಿ, ಗ್ರೀಸ್ ಸವರಿ ಹಾಕಬೇಕು. ಉಪ್ಪುಗಾಳಿಗೆ ಒಮ್ಮೆ ಹಿಡಿದುಕೊಂಡ ಬೋಲ್ಟ್ ಬಿಚ್ಚಲು ಬರುವುದಿಲ್ಲ. ಬಿಚ್ಚಿದ ಬಾರ್‌ಗಳನ್ನು ಬಿಸಿಲು ಬೀಳದ ಕಡೆ ಮಲಗಿಸಿಡಿ, ರಬ್ಬರ್ ಪಟ್ಟಿ ಬೇಗ ಗಟ್ಟಿಯಾಗುವುದಿಲ್ಲ.